ಕ ಬೆಲೆ ಎರಡು ಬಂದರೆ ಒಂದನ್ನು ಬಿಡಲೇಬೇಕಾ?

ರಫ್‌ಪುಸ್ತಕ:

ನಮಸ್ಕಾರ. ಮಗಳಿಗೆ ವರ್ಗ ಸಮೀಕರಣ ಹೇಳಿಕೊಡಲು ಕೂತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಗಣಿತ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. (ಕೀಲಿಮಣೆ ಬದಲಿಸೋಕೆ ಸೋಮಾರಿತನ, ಹಾಗಾಗಿ ಎಕ್ಸ್ ಬದಲು ಕ್ಷ, ಕೆ ಬದಲು ಕ ಅಂತ ಬರೆಯುತ್ತೇನೆ. ಬೈಯಬೇಡಿ.)

ಲೆಕ್ಕ ಇದು: ಕ·ಕ್ಷ² − 4ಕ·ಕ್ಷ + 12 = 0. ಮೂಲಗಳು (ಸಮೀಕರಣ ಸರಿಹೋಗುವ ಕ್ಷ ಬೆಲೆಗಳು) ಸಮ, ಕ ಎಷ್ಟು?

ಮೂಲಗಳು ಸಮ ಅಂದರೆ ಶೋಧಕ (ಕ್ಷ ಮುಂದಿನ ಸಂಖ್ಯೆಯ ವರ್ಗದಿಂದ, ಕ್ಷ² ಮುಂದಿನ ಸಂಖ್ಯೆ ಮತ್ತು ಕೊನೆಯ ಸಂಖ್ಯೆಯ ಗುಣಲಬ್ಧದ ನಾಲ್ಕರಷ್ಟನ್ನು ಕಳೆದದ್ದು) ಸೊನ್ನೆ, ಅಷ್ಟು ನೆನಪಿತ್ತು. 16ಕ² − 48ಕ = 0 ಬಂತು. ಮಗಳು ಎರಡೂ ಕಡೆ 16ಕ ಇಂದ ಭಾಗಿಸಿ ಕ = 3 ಅಂದಳು. ‘ಕ ಸೊನ್ನೆ ಆಗಿದ್ದರೆ? ಹಾಗೆಲ್ಲ ಭಾಗಿಸಬಾರದು’ ಅಂತ ನಾನು ದೊಡ್ಡ ಮೇಷ್ಟ್ರ ಥರ ಹೇಳಿ, 16ಕ(ಕ − 3) = 0 ಮಾಡಿಸಿ, ಕ = 0 ಅಥವಾ 3 ಅಂತ ಬರೆಸಿದೆ. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿದರೆ 3 ಒಂದೇ! ಆಗ ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಬೇಡ ಬಿಡಿ.

ಮುಂದಿನದು: ಕ್ಷ² + ಕ·ಕ್ಷ + 18 = 0, ಒಂದು ಮೂಲ ಇನ್ನೊಂದರ ಎರಡರಷ್ಟು. ಕ ಬೆಲೆ 9, −9 ಎರಡೂ ಬಂತು. ಈ ಸಲ ಜಾಣಳಾಗಿ −9 ಹೊಡೆದುಹಾಕಿಸಿದೆ. ಪುಸ್ತಕದಲ್ಲಿ ಎರಡೂ ಇದೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಹಳೇಚಾಕ್:

ಮೇಡಂ, ಭಾಗಿಸಬೇಡ ಅಂದಿದ್ದು ಸರಿಯಾಗೇ ಇದೆ. ಆಮೇಲೆ ಒಂದು ಹೆಜ್ಜೆ ಬಾಕಿ ಉಳಿಯಿತು ಅಷ್ಟೇ. ಬಂದ ಬೆಲೆಯನ್ನು ಮೊದಲಿನ ಸಮೀಕರಣಕ್ಕೆ ವಾಪಸ್ ಹಾಕಿ ನೋಡಿ.

ಕ = 0 ಹಾಕಿದರೆ 12 = 0 ಅಂತ ಉಳಿಯುತ್ತದೆ. ಕ್ಷ ಪತ್ತೆಯೇ ಇಲ್ಲ. ಮೂಲಗಳೇ ಇಲ್ಲದ ಮೇಲೆ ಸಮ ಆಗೋದೆಲ್ಲಿಂದ? ಕ್ಷ² ಸಹಗುಣಕ (ಅದರ ಮುಂದಿರುವ ಸಂಖ್ಯೆ) ಸೊನ್ನೆ ಅಲ್ಲ ಅನ್ನೋ ಷರತ್ತಿನ ಮೇಲೇ ಶೋಧಕದ ಸೂತ್ರ ನಿಂತಿರುವುದು. ಕ = 3 ಹಾಕಿದರೆ 3ಕ್ಷ² − 12ಕ್ಷ + 12 = 0. ಅಂದರೆ 3(ಕ್ಷ − 2)² = 0, ಎರಡೂ ಮೂಲ 2.

ಮಗಳಿಗೆ ಸರಿ ಉತ್ತರ ಸಿಕ್ಕಿದ್ದು ಅದೃಷ್ಟದಿಂದ. ಅವಳಿಗೆ ಇದನ್ನು ಕೊಡಿ: ಕ್ಷ² − 2ಕ·ಕ್ಷ + 3ಕ = 0, ಮೂಲಗಳು ಸಮ. ಶೋಧಕ 4ಕ² − 12ಕ, ಮತ್ತೆ ಅದೇ 0 ಮತ್ತು 3. ಆದರೆ ಇಲ್ಲಿ ಕ = 0 ಹಾಕಿದರೆ ಕ್ಷ² = 0, ಎರಡು ಮೂಲವೂ ಸೊನ್ನೆ, ಸಮವೇ ಅಲ್ವಾ? ಭಾಗಿಸಿದ್ದರೆ ಒಂದು ಒಳ್ಳೇ ಉತ್ತರ ಕೈಬಿಟ್ಟು ಹೋಗುತ್ತಿತ್ತು.

ಇನ್ನು −9. ಒಂದು ಮೂಲ ಅ, ಇನ್ನೊಂದು 2ಅ ಅಂದುಕೊಳ್ಳಿ. ಗುಣಲಬ್ಧ 2ಅ² = 18, ಅಲ್ಲಿಗೆ ಅ = 3 ಅಥವಾ −3. ಮೂಲಗಳು 3, 6 ಆದರೆ ಮೊತ್ತ 9, ಆಗ ಕ = −9. ಮೂಲಗಳು −3, −6 ಆದರೆ ಕ = 9. ಎರಡರಲ್ಲೂ ತಪ್ಪೇನಿಲ್ಲ. ಆಯತದ ಉದ್ದ, ಯಾರದೋ ವಯಸ್ಸು ಕೇಳುವ ಲೆಕ್ಕ ಮಾಡಿ ಮಾಡಿ ಋಣ ಸಂಖ್ಯೆ ಕಂಡ ಕೂಡಲೇ ಹೊಡೆದುಹಾಕುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಕ ಯಾವುದರ ಉದ್ದವೂ ಅಲ್ಲ.

ವಕ್ರರೇಖೆ:

ಮೊದಲನೇ ಲೆಕ್ಕದ ನಕ್ಷೆ ಬಿಡಿಸಿ ನೋಡಿ, ಮಜಾ ಇದೆ. ಅದನ್ನು ಕ·ಕ್ಷ(ಕ್ಷ − 4) + 12 ಅಂತ ಬರೆಯಿರಿ. ಕ್ಷ = 0 ಇದ್ದಾಗ, ಕ್ಷ = 4 ಇದ್ದಾಗ, ಕ ಏನೇ ಇರಲಿ ಬೆಲೆ 12. ಎರಡು ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ. ನಡುವೆ ಕ್ಷ = 2 ಹತ್ತಿರ ಹಗ್ಗ ಎಷ್ಟು ಜೋತುಬೀಳಬೇಕು ಅನ್ನೋದನ್ನು ಕ ತೀರ್ಮಾನಿಸುತ್ತದೆ. ಕ = 1 ಆದರೆ ತಳ 8ರ ಎತ್ತರದಲ್ಲಿ. 2 ಆದರೆ 4ರಲ್ಲಿ. 3 ಆದರೆ ಸರಿಯಾಗಿ ನೆಲ ಮುಟ್ಟುತ್ತದೆ, ಅದೇ ಸಮ ಮೂಲ. 4 ಆದರೆ ನೆಲ ದಾಟಿ ಕೆಳಗಿಳಿದು ಎರಡು ಕಡೆ ಕತ್ತರಿಸುತ್ತದೆ. ಕ = 0 ಆದರೆ ಹಗ್ಗ ಬಿಗಿಯಾಗಿ, 12ರ ಎತ್ತರದಲ್ಲಿ ಅಡ್ಡಗೆರೆ. ಅದು ನೆಲ ಮುಟ್ಟೋದೇ ಇಲ್ಲ.

ರಫ್‌ಪುಸ್ತಕ:

ಹಗ್ಗ ಅವಳಿಗೆ ತಕ್ಷಣ ಹಿಡಿಸಿತು. ‘ಕ ಋಣ ಆದರೆ ಕಮಾನು ಆಗುತ್ತೆ ಅಲ್ವಾ ಅಮ್ಮಾ’ ಅಂತ ತಾನೇ ಬಿಡಿಸಿದಳು. ಆದರೆ ಇನ್ನೊಂದು ಪ್ರಶ್ನೆ ತಂದಿದ್ದಾಳೆ: ಕ, ಕ್ಷ ಎರಡೂ ಅಕ್ಷರವೇ, ಒಂದನ್ನು ಯಾಕೆ ಸ್ಥಿರಾಂಕ ಅನ್ನಬೇಕು?

ಹಳೇಚಾಕ್:

ಒಳ್ಳೇ ಪ್ರಶ್ನೆ. ಕ ಒಂದು ಸಮೀಕರಣದೊಳಗೆ ಅಲುಗಾಡದೆ ಕೂತಿರುವ ಸಂಖ್ಯೆ, ನಮಗೆ ಹೇಳಿಲ್ಲ ಅಷ್ಟೇ. ಅದು ಬದಲಾದರೆ ಸಮೀಕರಣವೇ ಬೇರೆ, ಹಗ್ಗವೇ ಬೇರೆ. ಕ್ಷ ಅಂದರೆ ಅದೇ ಹಗ್ಗದ ಉದ್ದಕ್ಕೂ ಓಡಾಡುವುದು. ಕೊಟ್ಟ ಸಂಖ್ಯೆಗೂ ಅಕ್ಷರ ಇಡುವ ಪದ್ಧತಿಯನ್ನು 1591ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ವಿಯೆಟ್ ಶುರುಮಾಡಿದ. ಗೊತ್ತಿಲ್ಲದ್ದಕ್ಕೆ ಸ್ವರ, ಕೊಟ್ಟಿದ್ದಕ್ಕೆ ವ್ಯಂಜನ ಬಳಸುತ್ತಿದ್ದ. ಆ ಲೆಕ್ಕದಲ್ಲಿ ನಿಮ್ಮ ಕ ಸರಿಯಾಗಿದೆ. ಕ್ಷ ಮಾತ್ರ ನಾಪಾಸು.

ರಫ್‌ಪುಸ್ತಕ:

ಹಹ್ಹಾ. ಇವತ್ತಿನದು 2ಕ್ಷ² + ಕ·ಕ್ಷ − 15 = 0, ಒಂದು ಮೂಲ 3. ಅವಳೇ ಮಾಡಿದಳು: 18 + 3ಕ − 15 = 0, ಕ = −1. ಋಣ ನೋಡಿ ನನ್ನ ಪೆನ್ಸಿಲ್ ಸುಮ್ನೆ ಮುಂದಕ್ಕೆ ಹೋಯಿತು. ಪುಸ್ತಕ ಪಕ್ಕಕ್ಕೆ ಎಳೆದುಕೊಂಡು ವಾಪಸ್ ಹಾಕಿ ತೋರಿಸಿದಳು: 18 − 3 − 15.