ಸೀರಿಯಲ್ ಬಿಡದ ಅಮ್ಮನ ಜೊತೆ ಕೂತು ನೋಡೋಕೆ ಕನ್ನಡದ ವೆಬ್ ಸೀರೀಸ್ ಯಾವುದಿದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ, ಎರಡು ತಿಂಗಳು ನಮ್ಮ ಜೊತೆ ಇರುತ್ತಾರೆ. ಸಂಜೆ ದೇವರಿಗೆ ದೀಪ ಹಚ್ಚಿ ಟಿವಿ ಮುಂದೆ ಕೂತರೆ 'ಅಮೃತಧಾರೆ', ಆಮೇಲೆ ಇನ್ನೊಂದು, ಮತ್ತೊಂದು. ರಾಜೇಶ್ ನಟರಂಗ, ಛಾಯಾ ಸಿಂಗ್ ಇಬ್ಬರ ನಟನೆ ನನಗೂ ತುಂಬಾ ಇಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಥೆಯನ್ನ ಶುರುವಿನಿಂದ ಕೊನೆತನಕ ಅಮ್ಮನ ಪಕ್ಕ ಕೂತು ನೋಡಿ ಮುಗಿಸಬೇಕು ಅಂತ ಆಸೆ. ಹೋದ ವಾರ ಒಂದು ಹಿಂದಿ ಸೀರೀಸ್ ಹಾಕಿದೆ. ಐದೇ ನಿಮಿಷಕ್ಕೆ ಅಮ್ಮ-ಅಕ್ಕ ಅಂತ ಬೈಗುಳ ಶುರು, ನಾನು ರಿಮೋಟ್ ಹುಡುಕುವಷ್ಟರಲ್ಲಿ ಅಮ್ಮ ಎದ್ದು ಒಳಗೆ ಹೋಗಿದ್ದರು. ಸಬ್‌ಟೈಟಲ್ ಕೂಡ ಆಗಲ್ಲ, ಅವರ ಕೈಯಲ್ಲಿ ಯಾವಾಗಲೂ ಏನಾದರೂ ಕೆಲಸ ಇರುತ್ತದೆ. ಡಬ್ಬಿಂಗ್ ಬೇಡ, ಕನ್ನಡದಲ್ಲೇ ಬರೆದು ಕನ್ನಡದಲ್ಲೇ ತೆಗೆದದ್ದು ಬೇಕು. 'ಅಯ್ಯನ ಮನೆ' ಹೇಗಿದೆ? ನೋಡಿದವರು ಹೇಳಿ.

ಕಾಫಿತೋಟ:
ಧೈರ್ಯವಾಗಿ ಹಾಕಿ. ನಾನು ಅತ್ತೆಯ ಜೊತೆ ಕೂತು ನೋಡಿದ್ದು. ಜಾಜಿ ಅಂತ ಹೊಸ ಸೊಸೆ, ಖುಷಿ ರವಿ ಮಾಡಿದ್ದಾರೆ, ಚಿಕ್ಕಮಗಳೂರಿನ ಒಂದು ದೊಡ್ಡ ಮನೆಗೆ ಮದುವೆಯಾಗಿ ಬರುತ್ತಾಳೆ. ಅವಳು ಕಾಲಿಟ್ಟ ದಿನವೇ ಮಾವ ತೀರಿಹೋಗುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಹಿಂದೆ ಆ ಮನೆಯ ಮೂರು ಸೊಸೆಯರು ಸತ್ತಿದ್ದಾರೆ ಅಂತ. ಅತ್ತೆ, ಸೊಸೆ, ಮನೆದೇವರು ಎಲ್ಲ ಇದೆ, ಹಾಗಾಗಿ ಸೀರಿಯಲ್ ನೋಡುವವರಿಗೆ ಬೇರೆ ಲೋಕಕ್ಕೆ ಬಂದ ಹಾಗೆ ಅನ್ನಿಸಲ್ಲ. ಸೀರಿಯಲ್ ನಿರ್ಮಾಣದಲ್ಲಿ ಪಳಗಿದ ಶ್ರುತಿ ನಾಯ್ಡು ಅವರದ್ದೇ ನಿರ್ಮಾಣ, ರಮೇಶ್ ಇಂದಿರಾ ನಿರ್ದೇಶನ. 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ಬಂತು. ಬರೀ ಆರು ಎಪಿಸೋಡ್, ಒಂದೇ ಸಂಜೆಗೆ ಮುಗಿಯುತ್ತದೆ.

ಒಂದು ವಿಷಯ ಹೇಳಲೇಬೇಕು. ನಮ್ಮತ್ತೆ ಸೀರಿಯಲ್ಲನ್ನ ಅರ್ಧ ಕಿವಿಯಲ್ಲೇ ನೋಡುತ್ತಾರೆ. ಅವರೆಕಾಯಿ ಸುಲಿಯುತ್ತಾ ತಲೆ ಎತ್ತದೆಯೇ ಯಾರು ಅತ್ತರು, ಯಾರು ಬಾಗಿಲಲ್ಲಿ ನಿಂತು ಕದ್ದು ಕೇಳಿದರು ಎಲ್ಲ ಹೇಳುತ್ತಾರೆ, ಯಾಕೆಂದರೆ ಅಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ವೆಬ್ ಸೀರೀಸ್‌ನಲ್ಲಿ ಒಂದು ನೋಟ ತಪ್ಪಿದರೆ ಎಳೆ ತಪ್ಪುತ್ತದೆ. ಅವತ್ತು ಎರಡನೇ ಎಪಿಸೋಡ್ ಹೊತ್ತಿಗೆ ಅತ್ತೆ ಮೊರವನ್ನ ಕೆಳಗಿಟ್ಟರು. ಅರ್ಧ ಮೊರ ಅವರೆಕಾಯಿ ಹಾಗೇ ಉಳಿಯಿತು. ಆಮೇಲೆ ರಾತ್ರಿ ನಾವಿಬ್ಬರೂ ಕೂತು ಸುಲಿದೆವು, ಯಾರ ಮೇಲೆ ಯಾವಾಗ ಅನುಮಾನ ಬಂತು ಅಂತ ಮಾತಾಡುತ್ತಾ.

ಗಾಂಧಿಬಜಾರ್:
ನನಗೆ 'ಅಯ್ಯನ ಮನೆ' ಅಷ್ಟು ಹಿಡಿಸಲಿಲ್ಲ. ಶುರು ಬಹಳ ಚೆನ್ನಾಗಿದೆ, ಆ ಮನೆಯ ಕತ್ತಲೆ, ಮಾನಸಿ ಸುಧೀರ್ ಅವರ ಮುಖ, ಎಲ್ಲ ಸೊಗಸು. ಆದರೆ ಕೊನೆಯಲ್ಲಿ ಗಂಟು ಬಿಚ್ಚುವಾಗ ಅವಸರ ಮಾಡಿದರು. ಮೂರು ಹೆಣ್ಣುಮಕ್ಕಳು ಸತ್ತ ಮನೆ ಅಂದಮೇಲೆ ಅವರು ಯಾರು, ಹೇಗೆ ಬದುಕಿದ್ದರು ಅಂತ ಇನ್ನೂ ಸ್ವಲ್ಪ ತೋರಿಸಬೇಕಿತ್ತು ಅಲ್ವಾ? ಅದು ನನಗೆ ಈಗಲೂ ಕೊರೆಯುತ್ತದೆ.

ಮತ್ತೆ ಸೀರಿಯಲ್ ಅಂದರೆ ಎಳೆಯೋದು ಅಂತ ಎಲ್ಲರೂ ಹೇಳುವುದನ್ನ ನಾನು ಪೂರ್ತಿ ಒಪ್ಪಲ್ಲ. ನಿಮ್ಮಮ್ಮ ದೂರದರ್ಶನದಲ್ಲಿ 'ಮಾಯಾಮೃಗ' ನೋಡಿದ್ದರಾ ಕೇಳಿ, 1998ರದ್ದು. ನಮ್ಮ ಮನೆಯಲ್ಲಿ ಅಶ್ವತ್ಥ್ ಅವರ ಸಂಗೀತದ ಆ ಶೀರ್ಷಿಕೆ ಗೀತೆ ಶುರುವಾದರೆ ಮಿಕ್ಸಿ ಕೂಡ ಆಫ್. ಟಿ.ಎನ್. ಸೀತಾರಾಮ್ ಆಮೇಲೆ 'ಮುಕ್ತ'ದಲ್ಲಿ ಸಿಎಸ್‌ಪಿ ಅಂತ ಲಾಯರ್ ಆಗಿ ಕೋರ್ಟಲ್ಲಿ ನಿಂತರೆ ನಮ್ಮಪ್ಪ ಊಟದ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ಬರುತ್ತಿದ್ದರು. ಅವು ದಿನಾ ಬರುತ್ತಿದ್ದ ಸೀರಿಯಲ್‌ಗಳೇ. ದಿನಾ ಬಂದರೂ ಪಾತ್ರಗಳು ಬೆಳೆಯುತ್ತಿದ್ದವು, ಸಾಲ, ಓದು, ಮದುವೆ, ರಾಜಕೀಯ ಎಲ್ಲ ಅದರೊಳಗೆ ಬರುತ್ತಿತ್ತು. ಹಾಗೆ ಬರೆಯುವವರಿಗೆ ಈಗ ಚಾನೆಲ್‌ಗಳು ಜಾಗ ಕೊಡಲಿ.

ಕಡಲತಡಿ:
ಅಕ್ಕ, ಸೀರೀಸೇ ಆಗಬೇಕು ಅಂತಿಲ್ಲದಿದ್ದರೆ ಮೊದಲು 'ಸು ಫ್ರಂ ಸೋ' ತೋರಿಸಿ. ನಾನು 2025ರ ಜುಲೈಯಲ್ಲಿ ಥಿಯೇಟರ್‌ನಲ್ಲಿ ನೋಡಿದ್ದು, ಮನೆಯವರೆಲ್ಲ ಹನ್ನೊಂದು ಜನ, ದೊಡ್ಡಮ್ಮ ಕೂಡ. ಜೆ.ಪಿ. ತುಮಿನಾಡ್ ನಿರ್ದೇಶನ, ಅಶೋಕನ ಪಾತ್ರವೂ ಅವರದ್ದೇ. ಅವನ ಮೈಮೇಲೆ ಸುಲೋಚನಾ ಅನ್ನುವವರ ಪ್ರೇತ ಬಂದಿದೆ ಅಂತ ಊರಲ್ಲಿ ಸುದ್ದಿ ಹಬ್ಬುತ್ತದೆ, ಅಷ್ಟೇ ಕಥೆ. ಮದುವೆ ಇರಲಿ, ಸಾವಿರಲಿ, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣನಂಥವರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ದೊಡ್ಡಮ್ಮ ಅವನನ್ನು ನೋಡಿ ನಮ್ಮ ಪಕ್ಕದ ಮನೆಯವರ ಹೆಸರು ಹೇಳಿ ಜೋರಾಗಿ ನಕ್ಕರು. ಕೊನೆಗೆ ಕಥೆ ಒಬ್ಬ ಹೆಣ್ಣುಮಗಳ ಕಷ್ಟದ ಕಡೆ ತಿರುಗಿದಾಗ ಸಾಲಿಡೀ ಮೌನ. ಒಂದೆರಡು ಕಡೆ ಮಾತು ಸ್ವಲ್ಪ ಪೋಲಿ, ಮೊದಲೇ ಹೇಳಿಬಿಡುತ್ತೇನೆ.

ಇನ್ನು 'ಏಕಂ' ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಕರಾವಳಿಯ ಏಳು ಕಥೆ, ಒಂದಕ್ಕೊಂದು ಸಂಬಂಧ ಇಲ್ಲ, ದಿನಕ್ಕೊಂದು ನೋಡಬಹುದು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದಾರೆ. ತೆಗೆದು ವರ್ಷಗಟ್ಟಲೆ ಕಾದರೂ ಯಾವ ದೊಡ್ಡ ಓಟಿಟಿಯೂ ತೆಗೆದುಕೊಳ್ಳದೆ, ಕಡೆಗೆ 2024ರ ಜುಲೈಯಲ್ಲಿ ರಕ್ಷಿತ್ ಶೆಟ್ಟಿ ಅವರ ತಂಡ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿತು. ಕನ್ನಡದ್ದನ್ನ ಯಾರು ನೋಡುತ್ತಾರೆ ಅಂದುಕೊಳ್ಳುವವರಿಗೆ ನಾವು ನೋಡಿಯೇ ಉತ್ತರ ಕೊಡಬೇಕು, ಅದೂ ದುಡ್ಡು ಕೊಟ್ಟು. ನಾನು ಕೊಟ್ಟೇ ನೋಡಿದೆ. ಟೆಲಿಗ್ರಾಂ ಲಿಂಕ್ ಕೇಳುವವರು ದಯವಿಟ್ಟು ಇಲ್ಲಿ ಕೇಳಬೇಡಿ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ 'ಅಯ್ಯನ ಮನೆ' ಹಾಕಿದೆ. ಅಮ್ಮ ಮೊದಲ ಎಪಿಸೋಡಿನಲ್ಲೇ "ಆ ಹುಡುಗಿ ಒಬ್ಬಳೇ ಯಾಕೆ ಹೋಗ್ತಾಳೆ, ಗಂಡನ್ನ ಎಬ್ಬಿಸಬಾರದಾ" ಅಂತ ಟಿವಿಗೇ ಬೈದರು. ನಾಲ್ಕು ಎಪಿಸೋಡ್ ಆಯಿತು, ಮಧ್ಯೆ ಊಟಕ್ಕೆ ನಿಲ್ಲಿಸಬೇಕಾಯಿತು. ಇವತ್ತು ನಾನು ಆಫೀಸಿಂದ ಬರುವವರೆಗೂ ಉಳಿದ ಎರಡನ್ನ ನೋಡಲ್ಲ ಅಂತ ಮಾತು ಕೊಟ್ಟಿದ್ದಾರೆ. 'ಮಾಯಾಮೃಗ'ದ ವಿಷಯ ಕೇಳಿದೆ, ತಕ್ಷಣ ಹಾಡೇ ಹೇಳಿದರು! ಕಡಲತಡಿ, 'ಏಕಂ'ನಲ್ಲಿ ಯಾವ ಕಥೆಯಿಂದ ಶುರು ಮಾಡಲಿ? ಜಾಸ್ತಿ ಸಾವುನೋವು ಇಲ್ಲದ್ದು ಇದ್ದರೆ ಹೇಳಿ, ಅಮ್ಮನಿಗೆ ಆಮೇಲೆ ನಿದ್ದೆ ಬರಲ್ಲ.