ಸಹಿ ಇರುವ 1979ರ ಹಾರರ್ ಒನ್‌ಶೀಟ್ (ಸಿನಿಮಾ ಪೋಸ್ಟರ್): ಕಪ್ಪು ಸಹಿ ಕಂದಾಗ್ತಿದೆ, ಬೆಳ್ಳಿ ಸಹಿ ಮಂಕಾಗಿದೆ. ಸಹಾಯ ಬೇಕು

ಕತ್ತಲಕೋಣೆ:
ತಲೆ ಕೆಟ್ಟು ಹೋಗಿದೆ, ಗೊತ್ತಿರೋರು ದಯವಿಟ್ಟು ಹೇಳಿ. 1979ರ ಒರಿಜಿನಲ್ ಒನ್‌ಶೀಟ್, 27×41 ಇಂಚು, ಕೆಳಗೆ ಎನ್‌ಎಸ್‌ಎಸ್ (ಅಮೆರಿಕದಲ್ಲಿ ಪೋಸ್ಟರ್ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್) ನಂಬರ್ ಇದೆ, ಮುಂದೆ ಮರುಬಿಡುಗಡೆ ಸೂಚಿಸೋ ಆರ್ ಅಕ್ಷರ ಇಲ್ಲ. ಎರಡು ಸಹಿ. ನಾಯಕಿಯದು ಮೇಲಿನ ಕಪ್ಪು ಆಕಾಶದ ಮೇಲೆ ಬೆಳ್ಳಿ ಬಣ್ಣದಲ್ಲಿ, ನಿರ್ದೇಶಕರದು ಕೆಳಗಿನ ಬಿಳಿ ಅಂಚಿನಲ್ಲಿ ಕಪ್ಪು ಬಣ್ಣದಲ್ಲಿ. ಫ್ರೇಮ್‌ಗೆ ಯುವಿ ತಡೆಯೋ ಪಾರದರ್ಶಕ ಶೀಟನ್ನೇ ಕೇಳಿ ಹಾಕಿಸಿದ್ದು. ಆ ಗೋಡೆಗೆ ಬಿಸಿಲೇ ಬೀಳಲ್ಲ. ಆದ್ರೂ ಕಪ್ಪು ಸಹಿ ಕಂದು ಬಣ್ಣಕ್ಕೆ ತಿರುಗಿ ಸುತ್ತ ಹಳದಿ ಅಂಚು ಕಟ್ಟಿದೆ. ಬೆಳ್ಳಿ ಸಹಿಯ ಹೊಳಪು ಹೋಗಿ ತೇಪೆ ತೇಪೆಯಾಗಿ ಕಾಣ್ತಿದೆ. ಪ್ರಿಂಟ್‌ಗೆ ಏನೂ ಆಗಿಲ್ಲ, ಕೆಂಪು ಅಕ್ಷರ ಹೊಸದರ ಹಾಗೇ ಇದೆ. ಸಹಿಗಳಿಗೆ ಮಾತ್ರ ಯಾಕೆ ಹೀಗೆ? ಮೇಲೆ ಇಂಕನ್ನ ಹಿಡಿದಿಡೋ ಫಿಕ್ಸೇಟಿವ್ ಸ್ಪ್ರೇ ಹೊಡೆದ್ರೆ ನಿಲ್ಲುತ್ತಾ?

ನೆರಳುಬೆಳಕು:
ಬೆಳಕು. ಬೇರೇನೂ ಅಲ್ಲ. ಯುವಿ ಶೀಟ್ ಹಾಕಿದ್ರೆ ಸಾಕು ಅಂತ ಎಲ್ಲರೂ ಅಂದ್ಕೊಳ್ತಾರೆ. ಅದು ತಡೆಯೋದು 400 ನ್ಯಾನೋಮೀಟರ್‌ಗಿಂತ ಕೆಳಗಿನದನ್ನ ಮಾತ್ರ. ಕಣ್ಣಿಗೆ ಕಾಣೋ ಬೆಳಕು ಪೂರ್ತಿ ಒಳಗೆ ಹೋಗುತ್ತೆ, ಮಾರ್ಕರ್‌ನ ಡೈ ಹಾಳಾಗೋಕೆ ಅಷ್ಟು ಸಾಕು. ಮ್ಯೂಸಿಯಂಗಳಲ್ಲಿ ಸೂಕ್ಷ್ಮ ಕಾಗದಕ್ಕೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮಿತಿ, ಯುವಿ ಒಂದು ಲ್ಯೂಮೆನ್‌ಗೆ 75 ಮೈಕ್ರೋವ್ಯಾಟ್ ಒಳಗೆ. ಬೆಳಕಿನ ಹಾನಿ ಕೂಡ್ತಾ ಹೋಗುತ್ತೆ: 50 ಲಕ್ಸ್‌ನಲ್ಲಿ 10 ಗಂಟೆ ಇಟ್ರೂ 500 ಲಕ್ಸ್‌ನಲ್ಲಿ 1 ಗಂಟೆ ಇಟ್ರೂ ಲೆಕ್ಕ ಒಂದೇ. ಪೋಸ್ಟರ್ ಹತ್ರ ಎಷ್ಟು ಲಕ್ಸ್ ಇದೆ?

ಕಾಗದವೈದ್ಯ:
ಫಿಕ್ಸೇಟಿವ್ ಹೊಡೀಬೇಡಿ, ಯಾವ ಕಾರಣಕ್ಕೂ. ಅದರ ದ್ರಾವಕ ಮಾರ್ಕರ್ ಇಂಕನ್ನ ಮತ್ತೆ ಕರಗಿಸುತ್ತೆ.
ಕೆಲವು ವಿಷಯ ನೀವು ಹೇಳಿಲ್ಲ. ಎರಡೂ ಸಹಿಗೆ ಬಳಸಿದ ಪೆನ್ ಯಾವುದು? ಪೋಸ್ಟರ್ ಲಿನನ್ ಬ್ಯಾಕಿಂಗ್ (ಹಿಂದೆ ಬಟ್ಟೆಯ ಆಧಾರ ಕೊಡೋದು) ಆಗಿದೆಯಾ? ಆಗಿದ್ರೆ ಸಹಿಗೆ ಮೊದಲೋ ಆಮೇಲೋ? ಪೋಸ್ಟರ್‌ಗೂ ಗ್ಲೇಜಿಂಗ್‌ಗೂ (ಮುಂದಿನ ಪಾರದರ್ಶಕ ಶೀಟಿಗೂ) ನಡುವೆ ಎಷ್ಟು ಜಾಗ ಇದೆ?

ಕತ್ತಲಕೋಣೆ:
@ನೆರಳುಬೆಳಕು ಮೀಟರ್ ಇಟ್ಟು ನೋಡಿದೆ, ರಾತ್ರಿ ದೀಪ ಹಾಕಿದಾಗ ಸುಮಾರು 60. ಹಗಲಲ್ಲಿ ಅದಕ್ಕಿಂತ ಕಮ್ಮಿ. ಪರದೆ ಯಾವಾಗಲೂ ಎಳೆದೇ ಇರುತ್ತೆ.

ನೆರಳುಬೆಳಕು:
60 ಅಂದ್ರೂ ಮಿತಿ ದಾಟಿದೆ. ಬ್ಲೂ ವೂಲ್ ಕಾರ್ಡ್ ತಗೊಳ್ಳಿ, ಅದರಲ್ಲಿ 1ರಿಂದ 8ರವರೆಗೆ ನೀಲಿ ಉಣ್ಣೆ ಪಟ್ಟಿ ಇರುತ್ತೆ, 1 ಬೇಗ ಮಾಸುತ್ತೆ, 8 ತುಂಬಾ ನಿಧಾನ. ಅರ್ಧ ಭಾಗ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮುಚ್ಚಿ ಫ್ರೇಮ್ ಪಕ್ಕದಲ್ಲೇ ನೇತುಹಾಕಿ. ತಿಂಗಳಿಗೊಮ್ಮೆ ಫಾಯಿಲ್ ಎತ್ತಿ ಎರಡೂ ಅರ್ಧ ಹೋಲಿಸಿ. 1, 2, 3 ಮಾಸಿದ್ರೆ ಆ ಗೋಡೆ ಬೇಡ. ದೀಪ ಯಾವುದು? ಹ್ಯಾಲೋಜನ್ ಇದ್ರೆ ಇವತ್ತೇ ತೆಗೀರಿ.

ಮಡಿಕೆಪ್ರಿಯ:
ಲಿನನ್ ಮಾಡಿಸಿದ್ರಾ? ಹಾಗಿದ್ರೆ ಕೇಳೋದೇ ಬೇಡ. ಆ ಕಾಲದ ಒನ್‌ಶೀಟ್ ಥಿಯೇಟರ್‌ಗೆ ಮಡಿಚಿಯೇ ಬರ್ತಿತ್ತು, ಅಡ್ಡ ಮೂರು ಮಡಿಕೆ, ಉದ್ದ ಒಂದು. ಆ ಮಡಿಕೆ ಪೋಸ್ಟರ್‌ನ ಚರಿತ್ರೆ. ನೀರಲ್ಲಿ ಅದ್ದಿ, ಗಂಜಿ ಬಳಿದು, ಬಟ್ಟೆಗೆ ಅಂಟಿಸಿ ಅದನ್ನ ಅಳಿಸೋದು ಯಾಕೆ?

ಗೋಧಿಗಂಜಿ:
@ಮಡಿಕೆಪ್ರಿಯ ಇದನ್ನ ಪ್ರತಿ ಚರ್ಚೆಯಲ್ಲೂ ಹೇಳ್ತೀರ. ಸರಿಯಾಗಿ ಮಾಡಿದ ಲಿನನ್ ಬ್ಯಾಕಿಂಗ್‌ನಲ್ಲಿ ಪೋಸ್ಟರ್ ನೇರವಾಗಿ ಬಟ್ಟೆಗೆ ಅಂಟೋದೇ ಇಲ್ಲ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮೇಲೆ ಜಪಾನಿ ಕಾಗದದ ಪದರ, ಅದರ ಮೇಲೆ ಪೋಸ್ಟರ್. ಅಂಟು ಗೋಧಿ ಗಂಜಿ, ಕೆಲವರು ಮೀಥೈಲ್ ಸೆಲ್ಯುಲೋಸ್ ಬೆರೆಸ್ತಾರೆ. ಯಾವಾಗ ಬೇಕಾದ್ರೂ ನೀರಿನಿಂದ ಬಿಡಿಸಬಹುದು. ಮಡಿಕೆಗಳು ಸೇರೋ ಮೂಲೆಯಲ್ಲಿ ತೂತು ಬಿದ್ದ ಪೋಸ್ಟರ್‌ಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಹಾಳು ಮಾಡೋದು ಬಿಸಿ ಪ್ರೆಸ್‌ನಲ್ಲಿ ಬೋರ್ಡಿಗೆ ಅಂಟಿಸೋ ಡ್ರೈ ಮೌಂಟ್.

ಮಡಿಕೆಪ್ರಿಯ:
ನೀರಿನಿಂದ ಬಿಡಿಸಬಹುದು, ಸರಿ. ಸಹಿ ಇರೋ ಪೋಸ್ಟರನ್ನ ನೀರಲ್ಲಿ ಬಿಡಿಸ್ತೀರಾ? ಫೌಂಟನ್ ಪೆನ್ ಸಹಿ ಇದ್ರೆ ಅಲ್ಲೇ ಮುಗೀತು.

ಗೋಧಿಗಂಜಿ:
ಅದಕ್ಕೇ ಸಹಿ ಇರೋದನ್ನ ಮೊದಲೇ ಹೇಳಬೇಕು ಅನ್ನೋದು. ಪ್ರತಿ ಇಂಕಿಗೂ ಬೇರೆ ಬೇರೆ ಪರೀಕ್ಷೆ. ಗೆರೆಯ ತುದಿಗೆ ಸೂಜಿ ಮೊನೆಯಷ್ಟು ನೀರು, ಮೇಲೆ ಬ್ಲಾಟಿಂಗ್ ಪೇಪರ್. ಬಣ್ಣ ಬಂತಾ, ಅಲ್ಲಿಗೇ ನಿಲ್ಲಿಸು. ಕಪ್ಪು ಅಂದ್ರೆ ಎಲ್ಲಾ ಒಂದೇ ಅಲ್ಲ.

ಕ್ವಾಡ್_3040:
ಸಹಿ ನಿಜವಾದ್ದೇನಾ ಅಂತ ನೋಡಿದ್ರಾ? 10ಎಕ್ಸ್ ಲೂಪ್ (ಭೂತಗನ್ನಡಿ) ಇಟ್ಟು ನೋಡಿ. ಪ್ರಿಂಟ್ ಆದ ಸಹಿ ಆಗಿದ್ರೆ ಗೆರೆ ಒಳಗೆ ಬಣ್ಣದ ಚುಕ್ಕಿಗಳು ಕಾಣ್ತವೆ. ಮಡಿಕೆ ದಾಟೋ ಜಾಗ ಇನ್ನೂ ಚೆನ್ನಾಗಿ ಹೇಳುತ್ತೆ. ಮಡಿಚಿದ ಮೇಲೆ ಹಾಕಿದ ಸಹಿಯಾದ್ರೆ ಇಂಕು ಒಡೆದ ನಾರಿನೊಳಗೆ ಇಳಿದು ಅಲ್ಲಿ ದಪ್ಪಗಾಗಿರುತ್ತೆ. ಮಡಿಚೋ ಮೊದಲೇ ಹಾಕಿದ್ದಾದ್ರೆ ಕಾಗದದ ಜೊತೆ ಗೆರೆಯೂ ಬಿರುಕು ಬಿಟ್ಟಿರುತ್ತೆ. 1979ರ ಪೋಸ್ಟರ್ ಮಡಿಚಿ ಬಂದದ್ದು, ಹಾಗಾಗಿ ಮೊದಲನೇದು ಇರಬೇಕು. ಪೆನ್ನಿನ ಕಾಲವೂ ಮುಖ್ಯ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ, ಡ್ರಾಕುಲಾ ಪಾತ್ರದ ನಟ ಬೆಲಾ ಲುಗೋಸಿ ತೀರಿಕೊಂಡದ್ದು 1956ರಲ್ಲಿ. ಶಾರ್ಪಿಯಲ್ಲಿ ಲುಗೋಸಿ ಸಹಿ ಅಂತ ಯಾರಾದ್ರೂ ಮಾರಿದ್ರೆ ಅಲ್ಲೇ ಎದ್ದು ಬನ್ನಿ.

ಕತ್ತಲಕೋಣೆ:
ಸಹಿ ನಿಜವಾದ್ದೇ, ಆ ಪ್ರಶ್ನೆ ಬೇಡ. ದೀಪ ಎಲ್‌ಇಡಿ. ಬೆಳಕು ಕಮ್ಮಿ ಮಾಡಿದ್ರೆ ಬಣ್ಣ ವಾಪಸ್ ಬರುತ್ತಾ?

ನೆರಳುಬೆಳಕು:
ಬರಲ್ಲ. ಹೋದದ್ದು ಹೋಯ್ತು. ದೀಪ ಆರಿಸಿ, ಇದ್ದದ್ದಾದ್ರೂ ಉಳಿಯುತ್ತೆ.

ಕಾಗದವೈದ್ಯ:
@ನೆರಳುಬೆಳಕು ನಿಮ್ಮ ಲೆಕ್ಕ ಸರಿ, ಆದ್ರೆ ಇವರ ಪೋಸ್ಟರ್‌ಗೆ ಅದು ಹೊಂದಲ್ಲ. ಬೆಳಕು ಬಣ್ಣ ತಿನ್ನುತ್ತೆ, ಗೆರೆಯನ್ನ ಜಾಗ ಬಿಟ್ಟು ಸರಿಸಲ್ಲ. ಬೆಳಕಿಗೆ ಮಾಸಿದ ಸಹಿಯ ಅಂಚು ಚೂಪಾಗಿಯೇ ಇರುತ್ತೆ. ಇಲ್ಲಿ ಗೆರೆಯ ಹೊರಗೆ ಹಳದಿ ಹರಡಿದೆ ಅಂತಿದ್ದಾರೆ. ಏನೋ ದ್ರಾವಕ ಅದನ್ನ ಎಳ್ಕೊಂಡು ಹೋಗಿದೆ. ಅಲ್ಲದೆ ಬೆಳಕಿಗೆ ಆಫ್‌ಸೆಟ್ ಪ್ರಿಂಟ್‌ನಲ್ಲಿ ಮೊದಲು ಹೋಗೋದು ಹಳದಿ ಮತ್ತೆ ಮಜೆಂಟಾ, ಪೋಸ್ಟರ್ ಪೂರ್ತಿ ನೀಲಿ ಛಾಯೆಗೆ ತಿರುಗುತ್ತೆ. ಇವರ ಕೆಂಪು ಗಟ್ಟಿಯಾಗಿದೆ.
ಸುಲಭವಾದ ಒಂದು ಪರೀಕ್ಷೆ ಇದೆ. ನಿರ್ದೇಶಕರ ಸಹಿ ಅಂಚಿನಲ್ಲಿದೆ ಅಂದ್ರಲ್ಲ, ಅದರ ಬಾಲ ಫ್ರೇಮಿನ ಕಟ್ಟಿನ ಕೆಳಗೆ ಹೋಗಿದೆಯಾ? ಹೋಗಿದ್ರೆ ಅಲ್ಲಿಗೆ ಬೆಳಕೇ ತಲುಪಿಲ್ಲ. ಅದೂ ಕಂದಾಗಿದ್ರೆ ಬೆಳಕಿನ ವಾದ ಬಿಟ್ಟುಬಿಡಿ.
ನಾನು ಕೇಳಿದ ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ. ಬೆಳ್ಳಿ ಸಹಿ ಇರೋ ಕಡೆ ಗ್ಲೇಜಿಂಗ್ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಒಳಮೈಯಲ್ಲಿ ಸಹಿಯ ಅಚ್ಚು ಕಾಣ್ತಿದೆಯಾ?

ಕತ್ತಲಕೋಣೆ:
ಬಾಲ ಫ್ರೇಮ್ ಒಳಗೆ ಹೋಗಿದೆ, ಓರೆಯಾಗಿ ಇಣುಕಿದ್ರೆ ಕಾಣುತ್ತೆ. ಅದೂ ಕಂದೇ.
ಟಾರ್ಚ್ ಬಿಟ್ಟೆ. ಹೌದು, ಶೀಟಿನ ಒಳಗೆ ಬೆಳ್ಳಿ ಗೆರೆ ಅಂಟಿದೆ. ಇದನ್ನ ನೋಡಿ ಕೈಕಾಲೇ ಆಡ್ತಿಲ್ಲ.
ವಿವರ: ನಿರ್ದೇಶಕರ ಸಹಿ ಶಾರ್ಪಿ, ಸಹಿ ಇದ್ದ ಹಾಗೇ ಪೋಸ್ಟರ್ ಕೊಂಡಿದ್ದು. ಆಮೇಲೆ ಲಿನನ್. ಬಿಲ್‌ನಲ್ಲಿ ‘ಆಮ್ಲ ತೆಗೆಯುವ ಸ್ಪ್ರೇ’ ಅಂತಲೂ ಇದೆ. ನಾಯಕಿ ಸಹಿ ಹಾಕಿದ್ದು ಲಿನನ್ ಆದ್ಮೇಲೆ, ಪೇಂಟ್ ಪೆನ್‌ನಲ್ಲಿ. ಮಾರನೇ ದಿನ ಫ್ರೇಮ್‌ಗೆ ಕೊಟ್ಟೆ. ಪೋಸ್ಟರ್ ಅಂಚಿನವರೆಗೂ ಕಾಣ್ಲಿ ಅಂತ ಸುತ್ತ ಅಂಚು ಕಟ್ಟೋ ಮೌಂಟ್ ಬೋರ್ಡ್ ಬೇಡ ಅಂದಿದ್ದೆ, ಶೀಟ್ ನೇರವಾಗಿ ಮೇಲೆ ಕೂತಿದೆ. ಗಾಜಲ್ಲ, ಅಕ್ರಿಲಿಕ್.

ಕಾಗದವೈದ್ಯ:
ಹಾಗಿದ್ರೆ ನಿಮ್ಮದು ಒಂದು ಸಮಸ್ಯೆ ಅಲ್ಲ, ಎರಡು.

ಕಪ್ಪು ಸಹಿ: ಶಾರ್ಪಿಯ ಡೈ ನೀರಿಗೆ ಜಗ್ಗಲ್ಲ, ಆಲ್ಕೋಹಾಲ್‌ಗೆ ಕರಗುತ್ತೆ. ಆಮ್ಲ ತೆಗೆಯೋ ಸ್ಪ್ರೇಗಳಲ್ಲಿ ಎರಡು ಜಾತಿ. ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನ ಫ್ಲೋರಿನ್ ದ್ರವದಲ್ಲಿ ತೇಲಿಸಿದ್ದು ಇಂಕನ್ನ ಕರಗಿಸಲ್ಲ. ಆಲ್ಕೋಹಾಲ್ ಇರೋದು ಕರಗಿಸುತ್ತೆ. ಕಪ್ಪು ಇಂಕಿನಲ್ಲಿ ಹಲವು ಡೈ ಬೆರೆತಿರ್ತವೆ, ಬೇಗ ಕರಗೋದು ಮೊದಲು ಹೊರಗೆ ಹರಿಯುತ್ತೆ, ಅದೇ ಆ ಹಳದಿ ಅಂಚು. ಮೇಲಿಂದ ಸ್ಪ್ರೇ ಕಾಗದದಲ್ಲಿ ಕ್ಷಾರ ಉಳಿಸಿ ಹೋಗುತ್ತೆ, ಕ್ಷಾರಕ್ಕೆ ಕೆಲವು ಡೈಗಳ ಬಣ್ಣವೇ ಬದಲಾಗುತ್ತೆ. ಲಿನನ್ ಮಾಡಿದವರ ಹತ್ರ ಸ್ಪ್ರೇ ಹೆಸರು ಕೇಳಿ, ಆಗ ಖಚಿತವಾಗುತ್ತೆ.

ಬೆಳ್ಳಿ ಸಹಿ: ಪೇಂಟ್ ಪೆನ್ ಅಂದ್ರೆ ಬಣ್ಣ, ಇಂಕಲ್ಲ. ಕಾಗದದ ಒಳಗೆ ಇಳಿಯಲ್ಲ, ಮೇಲೆ ಪದರವಾಗಿ ಕೂರುತ್ತೆ. ಅದೂ ದಟ್ಟ ಕಪ್ಪು ಪ್ರಿಂಟ್ ಮೇಲೆ ಹೀರಿಕೊಳ್ಳೋಕೆ ಏನೂ ಇಲ್ಲ. ಮುಟ್ಟಿದ್ರೆ ಕೆಲವೇ ನಿಮಿಷದಲ್ಲಿ ಒಣಗಿದ ಹಾಗೆ ಅನ್ಸುತ್ತೆ, ಒಳಗಿನ ರಾಳ ಗಟ್ಟಿಯಾಗೋಕೆ ದಿನಗಟ್ಟಲೆ ಬೇಕು. ಮುಚ್ಚದೆ, ಮಲಗಿಸಿ, ಕನಿಷ್ಠ ಒಂದು ವಾರ ಬಿಡಬೇಕು. ಮಾರನೇ ದಿನವೇ ಅಕ್ರಿಲಿಕ್ ಒತ್ತಿದ್ರಿಂದ ದ್ರಾವಕಕ್ಕೆ ಹೊರಗೆ ಹೋಗೋ ದಾರಿ ಇರಲಿಲ್ಲ, ಬಣ್ಣ ಎರಡೂ ಕಡೆ ಅಂಟ್ಕೊಂಡಿದೆ.

ಈಗ ಫ್ರೇಮ್ ಬಿಚ್ಚೋ ಕ್ರಮ. ಅವಸರ ಬೇಡ.
ಗೋಡೆಯಿಂದ ಇಳಿಸಿ ಮೆತ್ತನೆ ಬಟ್ಟೆ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ. ಹಿಂದಿನ ಬೋರ್ಡ್ ತೆಗೀರಿ. ಪೋಸ್ಟರ್ ಅಕ್ರಿಲಿಕ್ ಮೇಲೇ ಇರಲಿ, ಎಳೀಬೇಡಿ. ಬೆಳ್ಳಿ ಸಹಿಗೆ ತೀರಾ ದೂರದ ಮೂಲೆ ಹಿಡಿದು ನಿಧಾನಕ್ಕೆ ಎತ್ತಿ, ಸಹಿಯ ಕಡೆಗೆ ಬನ್ನಿ. ಸ್ವಲ್ಪ ಹಿಡಿದ ಹಾಗೆ ಆದ್ರೂ ನಿಲ್ಲಿಸಿ. 0.05 ಮಿಲಿಮೀಟರ್ ಪಾಲಿಯೆಸ್ಟರ್ ಹಾಳೆಯಲ್ಲಿ ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ, ಅಕ್ರಿಲಿಕ್‌ಗೆ ಒತ್ತಿ ಹಿಡಿದು ಚಪ್ಪಟೆಯಾಗಿ ಒಳಗೆ ಜಾರಿಸಿ. ಪಟ್ಟಿ ಹೋದಲ್ಲಿ ಬಿಡುತ್ತೆ. ಹೋಗದಿದ್ರೆ ಬಲ ಹಾಕ್ಬೇಡಿ. ಹೇರ್ ಡ್ರೈಯರ್, ನೀರು, ಸ್ಪಿರಿಟ್ ಮೂರೂ ಬೇಡ. ಬಿಸಿಗೆ ರಾಳ ಮೆತ್ತಗಾಗಿ ಇನ್ನಷ್ಟು ಅಂಟುತ್ತೆ. ಬಿಡದೇ ಇದ್ರೆ ಅಕ್ರಿಲಿಕ್ ಸಮೇತ ಕಾಗದ ಸಂರಕ್ಷಣೆ ಕಲಿತವರ ಹತ್ರ ಒಯ್ಯಿರಿ.

ಗೋಧಿಗಂಜಿ:
ವಾಪಸ್ ಫ್ರೇಮ್ ಹಾಕುವಾಗ ಶೀಟು ಪೋಸ್ಟರ್‌ಗೆ ತಾಗದ ಹಾಗೆ ಸ್ಪೇಸರ್ ಹಾಕ್ಸಿ. ಕಟ್ಟಿನ ಕೆಳಗೆ ಅಡಗಿ ಕೂರೋ ಪಟ್ಟಿ ಬರುತ್ತೆ, ಮೌಂಟ್ ಬೋರ್ಡ್ ಇಲ್ಲದೆ ಪೋಸ್ಟರ್ ಅಂಚಿನವರೆಗೂ ಕಾಣುತ್ತೆ. ಚಿಕ್ಕ ಲಾಬಿ ಕಾರ್ಡ್‌ಗೆ (ಥಿಯೇಟರ್ ಒಳಾಂಗಣದಲ್ಲಿ ಹಾಕೋ ಸಣ್ಣ ಜಾಹೀರಾತು ಕಾರ್ಡ್) 3 ಮಿಲಿಮೀಟರ್ ಸಾಕು. 27×41ರ ಅಕ್ರಿಲಿಕ್ ನಡುವೆ ಬಾಗುತ್ತೆ, ಕನಿಷ್ಠ 6 ಇಡಿ. ಅಕ್ರಿಲಿಕ್‌ನಲ್ಲಿ ಸ್ಥಿರ ವಿದ್ಯುತ್ ಇರುತ್ತೆ, ಒಣಗಿ ಚಕ್ಕೆ ಏಳೋ ಪೇಂಟ್ ಪೆನ್ ಸಹಿಯ ಪುಡಿಯನ್ನ ಅದು ಎಳ್ಕೊಳ್ಳುತ್ತೆ. ಸ್ಥಿರ ವಿದ್ಯುತ್ ತಡೆಯೋ ಲೇಪ ಇರೋದು ಕೇಳಿ ತಗೊಳ್ಳಿ.

ಕ್ವಾಡ್_3040:
ನನ್ನ ಬ್ರಿಟಿಷ್ ಕ್ವಾಡ್‌ಗಳೆಲ್ಲ (ಬ್ರಿಟನ್ನಿನ ಅಡ್ಡ ಸಿನಿಮಾ ಪೋಸ್ಟರ್) 30×40 ಇಂಚಿನ ಅಡ್ಡ ಫ್ರೇಮ್‌ನಲ್ಲಿ, 8 ಮಿಲಿಮೀಟರ್ ಸ್ಪೇಸರ್, ಹಿಂದೆ ಆಮ್ಲರಹಿತ ಬೋರ್ಡ್, ಅದರ ಹಿಂದೆ 50 ಶೇಕಡಾ ತೇವಾಂಶಕ್ಕೆ ಹೊಂದಿಸಿದ ಸಿಲಿಕಾ ಜೆಲ್ ಹಾಳೆ. ಪ್ರತಿ ಫ್ರೇಮ್‌ಗೂ ಬೇರೆ ತೇವಾಂಶ ಮೀಟರ್. ಸಹಿ ಇರೋದನ್ನ ಗೋಡೆಗೆ ಹಾಕೋದೇ ಇಲ್ಲ, ಅವು ಉಕ್ಕಿನ ಡ್ರಾಯರ್‌ನಲ್ಲಿ ಚಪ್ಪಟೆಯಾಗಿ.

ಮಡಿಕೆಪ್ರಿಯ:
ಡ್ರಾಯರ್‌ನಲ್ಲಿಟ್ಟ ಪೋಸ್ಟರ್ ಯಾರು ನೋಡ್ತಾರೆ? ಲಿನನ್ ಮಾಡಿಸದೆ, ಮಡಿಕೆ ಹಾಗೇ ಇಟ್ಟು, ಪಾಲಿಯೆಸ್ಟರ್ ಹಾಳೆ ನಡುವೆ ನಾಲ್ಕೂ ಅಂಚು ಬೆಸೆದು ಇಡೋದೇ ಒಳ್ಳೇದು.

ಕಾಗದವೈದ್ಯ:
@ಮಡಿಕೆಪ್ರಿಯ ಸಹಿ ಇಲ್ಲದ್ದಕ್ಕೆ ಒಪ್ತೀನಿ. ಪೇಂಟ್ ಪೆನ್ ಸಹಿ ಇರೋದನ್ನ ಪಾಲಿಯೆಸ್ಟರ್‌ಗೆ ಒತ್ತಿ ಮುಚ್ಚಿದ್ರೆ ಇದೇ ಕತೆ. ಪಿವಿಸಿ ಕವರ್ ಅಂತೂ ಮುಟ್ಟಲೇಬೇಡಿ, ಅದರ ಪ್ಲಾಸ್ಟಿಸೈಜರ್ ಹೊರಗೆ ಬಂದು ಇಂಕನ್ನ ಎತ್ತಿಕೊಳ್ಳುತ್ತೆ.

ರಾತ್ರಿಆಟ:
ಮಧ್ಯೆ ಬರ್ತಿದ್ದೀನಿ. 1930ರ ದಶಕದ ಲಾಬಿ ಕಾರ್ಡ್, 11×14, ಯುವಿ ಟಾರ್ಚ್‌ಗೆ ನೀಲಿ ಬಿಳುಪಾಗಿ ಹೊಳೀತಿದೆ. ನಕಲಿನಾ?

ಕ್ವಾಡ್_3040:
ಮುಂಭಾಗದ ಕಾಗದವೇ ಹೊಳೆದ್ರೆ ನಂಬಬೇಡಿ. ಹೊಳಪು ಕೊಡೋ ರಾಸಾಯನಿಕ ಕಾಗದದಲ್ಲಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಹಿಂದೆ ಹೊಸ ಕಾಗದ ಅಂಟಿಸಿದ್ರೆ, ಅಂಚಿಗೆ ತೇಪೆ ಹಾಕಿದ್ರೆ ಅಷ್ಟು ಭಾಗ ಮಾತ್ರ ಹೊಳೆಯುತ್ತೆ, ಅದು ಬೇರೆ. ಹೊಸ ಚರ್ಚೆ ತೆರೆದು ಫೋಟೋ ಹಾಕಿ, ಅಲ್ಲಿ ಹೇಳ್ತೀವಿ.

ಕತ್ತಲಕೋಣೆ:
ಬಿಚ್ಚಿದೆ. ಪಾಲಿಯೆಸ್ಟರ್ ಪಟ್ಟಿ ಕೆಲಸ ಮಾಡ್ತು. ಮೊದಲ ಅಕ್ಷರದ ಸುತ್ತು ಮಾತ್ರ ಅರ್ಧ ಅಕ್ರಿಲಿಕ್ ಮೇಲೇ ಉಳೀತು, ಉಳಿದದ್ದು ಪೋಸ್ಟರ್ ಮೇಲಿದೆ. ಸ್ಪ್ರೇ ಆಲ್ಕೋಹಾಲ್ ಇರೋದೇ ಅಂತೆ. ಎರಡು ಪ್ರಶ್ನೆ. ಹಳದಿ ಅಂಚು ತೆಗೀಬಹುದಾ? ಬೆಳ್ಳಿ ಸಹಿಯ ಹೋದ ಭಾಗ ಅದೇ ಪೆನ್‌ನಲ್ಲಿ ತುಂಬಬಹುದಾ?

ಕಾಗದವೈದ್ಯ:
ಎರಡನೇದಕ್ಕೆ ಮೊದಲು ಹೇಳ್ತೀನಿ: ತುಂಬಬೇಡಿ. ಬೇರೆ ಕೈ ಸೋಕಿದ ಸಹಿ ಸಹಿಯಾಗಿ ಉಳಿಯಲ್ಲ, ಮುಂದೆ ಪರೀಕ್ಷೆ ಮಾಡೋರು ಲೂಪ್‌ನಲ್ಲಿ ಎರಡು ಪದರ ನೋಡಿ ಪೂರ್ತಿ ಸಹಿಯನ್ನೇ ಅನುಮಾನಿಸ್ತಾರೆ. ಈಗಿರೋ ಸ್ಥಿತಿಯ ಫೋಟೋ ತೆಗೆದಿಡಿ, ಅಕ್ರಿಲಿಕ್ ಮೇಲಿನ ಅಚ್ಚಿನದ್ದೂ ಸೇರಿ. ಅದು ಈ ಸಹಿ ಪೇಂಟ್‌ನಲ್ಲಿ ಹಾಕಿದ್ದು, ಪ್ರಿಂಟ್ ಅಲ್ಲ ಅನ್ನೋದಕ್ಕೆ ಒಳ್ಳೆ ಸಾಕ್ಷಿ.
ಹಳದಿ ಅಂಚನ್ನ ತೆಗೆಯೋ ದ್ರಾವಕ ಸಹಿಯನ್ನೂ ತೆಗೆಯುತ್ತೆ. ಬಿಟ್ಟುಬಿಡಿ.

ನೆರಳುಬೆಳಕು:
ವಾಪಸ್ ಹಾಕಿದ ಮೇಲೂ 60 ಲಕ್ಸ್ ಜಾಸ್ತಿಯೇ. ಡಿಮ್ಮರ್ ಹಾಕಿ, ನೋಡೋವಾಗ ಮಾತ್ರ ದೀಪ ಹಚ್ಚಿ. ಶಾರ್ಪಿಗೆ ಇದು ಅನ್ವಯಿಸುತ್ತೆ, ಕಾರಣ ಏನೇ ಇರಲಿ.

ಕತ್ತಲಕೋಣೆ:
ಡಿಮ್ಮರ್ ಹಾಕ್ತೀನಿ. ಆ ಅಕ್ರಿಲಿಕ್ ಒರೆಸಿ ಮತ್ತೆ ಬಳಸಬಹುದಾ, ಇಲ್ಲ ಹೊಸದೇ ಬೇಕಾ?

ಗೋಧಿಗಂಜಿ:
ಹೊಸದು ತಗೊಳ್ಳಿ. ಬಣ್ಣ ಬಿಡಿಸೋಕೆ ತಿಕ್ಕಿದ್ರೆ ಗೀರು ಬೀಳುತ್ತೆ, ಗಟ್ಟಿ ದ್ರಾವಕ ಹಾಕಿದ್ರೆ ಸೂಕ್ಷ್ಮ ಬಿರುಕು, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಹಾಕಿದ್ರೆ ಮಸುಕು. ಹೊಸ ಶೀಟಿನ ಮೇಲಿರೋ ರಕ್ಷಣಾ ಕಾಗದ ಯಾವ ಬದಿಯನ್ನ ಒಳಗೆ ಹಾಕಬೇಕು ಅಂತ ಹೇಳುತ್ತೆ, ಅದನ್ನ ಓದಿ ಆಮೇಲೆ ಕೀಳಿ. ಪೋಸ್ಟರನ್ನ ಎರಡು ವಾರ ಹಾಗೇ ಮಲಗಿಸಿಟ್ಟು ಆಮೇಲೆ ಫ್ರೇಮ್‌ಗೆ ಕೊಡಿ.