ಅಪ್‌ಡೇಟ್: ಕೆಲಸದ ಜೊತೆಗೆ ನಾಯಕತ್ವದ ಓದು
ಶಿರಸಿಯ ಸೊಸೈಟಿ ಕೆಲಸ ಬಿಡದೆ ಸಂಸ್ಥೆ ನಡೆಸುವ ವಿದ್ಯೆ ಓದಬಹುದೇ ಎಂದು ಕೇಳಿದ್ದೆ. ದೂರಶಿಕ್ಷಣದ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಬಿಎಗೆ ಸೇರಿದ್ದೇನೆ. ಎರಡು ವರ್ಷದ್ದನ್ನು ನಾಲ್ಕು ವರ್ಷದೊಳಗೆ ಮುಗಿಸಬಹುದು.

ಅರ್ಜಿಗೆ ಮೊದಲು ಎಬಿಸಿ ಐಡಿ (ವಿದ್ಯಾರ್ಥಿಯ ಓದಿನ ಲೆಕ್ಕ ಇಡುವ ಸರ್ಕಾರಿ ಖಾತೆಯ ಸಂಖ್ಯೆ), ಆಮೇಲೆ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ನೋಂದಣಿ ಸಂಖ್ಯೆ) ಬೇಕು. ಆಧಾರ್‌ನಲ್ಲಿ ಇನಿಷಿಯಲ್ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 4 ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ಆರು ತಿಂಗಳಿಗೆ ಹಂಚಿದರೆ ಒಂದೇ ವಿಷಯಕ್ಕೆ ವಾರಕ್ಕೆ ಸುಮಾರು ಐದು ಗಂಟೆ. ಡಿಸೆಂಬರ್ ಪರೀಕ್ಷೆ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೇ ಬರುತ್ತದೆ, ಹಾಗಾಗಿ ಮಳೆಗಾಲದಲ್ಲೇ ಓದಿ ಮುಗಿಸುವುದು ಒಳ್ಳೆಯದು. ಪರೀಕ್ಷೆಗೆ ಶೇ. 70, ಅಸೈನ್‌ಮೆಂಟಿಗೆ ಶೇ. 30. ಅಸೈನ್‌ಮೆಂಟ್ ಕೊಡದಿದ್ದರೆ ಪರೀಕ್ಷೆ ಎಷ್ಟೇ ಚೆನ್ನಾಗಿ ಬರೆದರೂ ಆ ವಿಷಯ ಪೂರ್ತಿಯಾಗದು. ಪರೀಕ್ಷೆಯ ಫಾರ್ಮ್, ಶುಲ್ಕ ಎರಡೂ ಬೇರೆ. ಅಡ್ಮಿಷನ್ ಫೀ ಕಟ್ಟಿದ್ದೇ ಸಾಕೆಂದು ಕೂರಬೇಡಿ.